ಒಂದೇ ತೋಟದ ನಾಲ್ಕು ಹಣ್ಣು: ಐಲಾ ದ್ವೀಪದ ಹೊಸ ಭಟ್ಟಿಯ ವಿಸ್ಕಿಗೆ ಅಂಕ ಹಾಕುವ ಬಗೆ

ಮಾವಿನ ಸುಗ್ಗಿ ಮುಗಿದು, ಮಂಡಿಯ ನೆಲ ತೊಳೆದು, ಹುಲ್ಲಿನ ಮತ್ತು ಕೊಳೆತ ತೋತಾಪುರಿಯ ವಾಸನೆ ಗೋಡೆ ಬಿಟ್ಟು ಹೋಗುವಷ್ಟರಲ್ಲಿ ಆಗಸ್ಟ್ ಕಳೆದಿರುತ್ತದೆ. ಅದಕ್ಕೂ ಮುಂಚೆ ನಾನು ವಿಸ್ಕಿಯ ಬಾಟಲಿ ತೆರೆಯುವುದಿಲ್ಲ. ಮೂರು ತಿಂಗಳು ಬೆಳಗಿನಿಂದ ರಾತ್ರಿಯವರೆಗೆ ಹಣ್ಣು ಮೂಸಿದ ಮೂಗಿಗೆ ಬೇರೆ ಯಾವ ವಾಸನೆಯೂ ನೆಟ್ಟಗೆ ಹತ್ತುವುದಿಲ್ಲ.

ಶ್ರೀನಿವಾಸಪುರದಲ್ಲಿ ನಮ್ಮದು ಅಪ್ಪನ ಕಾಲದ ಮಂಡಿ. ಕ್ರೇಟಿನ ಮೇಲಿನ ಸಾಲು ನೋಡಿ ಬೆಲೆ ಕಟ್ಟಬೇಡ, ನಡುವೆ ಕೈ ಹಾಕಿ ಒಂದು ಹಣ್ಣು ತೆಗೆದು ತೊಟ್ಟಿನ ಬಳಿ ಮೂಸು ಎಂದು ಅಪ್ಪ ಕಲಿಸಿದರು. ಕಾರ್ಬೈಡ್ ಹಾಕಿ ಮಾಗಿಸಿದ ಬಾದಾಮಿಗೆ ಮೈತುಂಬ ಬಣ್ಣ ಬಂದಿರುತ್ತದೆ, ತೊಟ್ಟಿನಲ್ಲಿ ಮಾತ್ರ ಪರಿಮಳ ಇರುವುದಿಲ್ಲ. ಹುಲ್ಲಿನಲ್ಲಿ ನಿಧಾನವಾಗಿ ಮಾಗಿದ ಹಣ್ಣು ಕಣ್ಣಿಗೆ ಹಸಿರಾಗಿ ಕಂಡರೂ ತೊಟ್ಟು ಮಾತಾಡುತ್ತದೆ. ವಿಸ್ಕಿಯ ರುಚಿ ನೋಡುವಾಗಲೂ ನಾನು ಮಾಡುವುದು ಇದನ್ನೇ.

ಗ್ಲಾಸ್ಗೋದಲ್ಲಿ ಓದುತ್ತಿದ್ದ ತಂಗಿಯ ಮಗ ಎರಡು ಸಲ ಊರಿಗೆ ಬಂದಾಗ ತಲಾ ಎರಡು ಬಾಟಲಿ ತಂದುಕೊಟ್ಟ. ಪ್ರಯಾಣಿಕರಿಗೆ ಸುಂಕವಿಲ್ಲದೆ ತರಲು ಬಿಡುವುದು 2 ಲೀಟರ್. 700 ಮಿಲಿಯ ಮೂರನೆಯ ಬಾಟಲಿ ಅದರೊಳಗೆ ಹಿಡಿಯುವುದಿಲ್ಲ. ನಾಲ್ಕೂ ಒಂದೇ ಭಟ್ಟಿಯವೇ ಇರಲಿ ಎಂದು ಹೇಳಿ ಕಳುಹಿಸಿದ್ದು ನಾನೇ. ರುಚಿ ಕಲಿಯಬೇಕೆನ್ನುವವರಿಗೆ ನನ್ನ ಮೊದಲ ಮಾತು ಇದು: ಹತ್ತು ಊರಿನ ಹತ್ತು ವಿಸ್ಕಿ ಕುಡಿದರೆ ಹೋಲಿಸುವುದಕ್ಕೆ ಹಿಡಿ ಸಿಗುವುದಿಲ್ಲ. ಒಂದು ಭಟ್ಟಿಯನ್ನು ಹಿಡಿದು ಕೂರಿ. ಅದೇ ನೀರು, ಅದೇ ತಾಮ್ರದ ಪಾತ್ರೆ, ಅದೇ ಕೈ. ಬದಲಾಗುವುದು ಪೀಪಾಯಿ ಮತ್ತು ಬಾರ್ಲಿ ಮಾತ್ರ. ಒಂದೇ ತೋಟದ ಬಾದಾಮಿಯನ್ನು ನಾಲ್ಕು ಕೋಣೆಗಳಲ್ಲಿ ನಾಲ್ಕು ಬಗೆಯಾಗಿ ಮಾಗಿಸಿದರೆ, ಮಾಗಿಸುವಿಕೆ ಏನು ಮಾಡುತ್ತದೆ ಎಂಬುದು ಆಗ ಕಾಣುತ್ತದೆ.

ನಾನು ಹಿಡಿದ ಭಟ್ಟಿ ಕಿಲ್‌ಹೋಮನ್. ಅಕ್ಷರ ನೋಡಿ ಕಿಲ್ಚೋಮನ್ ಎನ್ನುವವರೇ ಹೆಚ್ಚು, ಅಲ್ಲಿಯವರು 'ಚ'ವನ್ನು ಉಚ್ಚರಿಸುವುದಿಲ್ಲ. ಅದಿರುವ ದ್ವೀಪವನ್ನೂ ಇಸ್ಲೇ ಎನ್ನಬಾರದು, ಐಲಾ ಎನ್ನಬೇಕು. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಕಡಲಿನಲ್ಲಿರುವ ಈ ದ್ವೀಪದ ಹಳೆಯ ಭಟ್ಟಿಗಳಿಗೆ ನೂರು ಇನ್ನೂರು ವರ್ಷಗಳ ಇತಿಹಾಸವಿದೆ. ಕಿಲ್‌ಹೋಮನ್ ಹುಟ್ಟಿದ್ದು 2005ರಲ್ಲಿ. ಆಂಥನಿ ವಿಲ್ಸ್ ಎಂಬವರು ರಾಕ್‌ಸೈಡ್ ಎಂಬ ಹೊಲದ ಮನೆಯಲ್ಲಿ ಅದನ್ನು ಕಟ್ಟಿದಾಗ, ಐಲಾದಲ್ಲಿ ಹೊಸ ಭಟ್ಟಿ ಎದ್ದು 124 ವರ್ಷಗಳಾಗಿದ್ದವು. ಮೊದಲ ಪೀಪಾಯಿ ತುಂಬಿದ್ದು ಆ ವರ್ಷದ ಡಿಸೆಂಬರಿನಲ್ಲಿ, ಮೊದಲ ವಿಸ್ಕಿ ಹೊರಬಂದಿದ್ದು 2009ರಲ್ಲಿ. ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಲಗದೆ ಸ್ಕಾಚ್ ಎಂಬ ಹೆಸರು ಸಿಗುವುದಿಲ್ಲ, ಅದು ಅಲ್ಲಿಯ ಕಾನೂನು. ನಮ್ಮವರಿಗೆ ಸಂತೋಷವಾಗುವ ಸಂಗತಿಯೊಂದಿದೆ: ಕಿಲ್‌ಹೋಮನ್ನಿನ ಮೊದಲ ಪೀಪಾಯಿ ತುಂಬುವ ವರ್ಷಕ್ಕೆ ಮೊದಲೇ, 2004ರಲ್ಲಿ, ಬೆಂಗಳೂರಿನ ಅಮೃತ್ ಭಟ್ಟಿ ತನ್ನ ಸಿಂಗಲ್ ಮಾಲ್ಟನ್ನು, ಅಂದರೆ ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದ ಇಳಿಸಿದ ವಿಸ್ಕಿಯನ್ನು, ಗ್ಲಾಸ್ಗೋದಲ್ಲಿಯೇ ಬಿಡುಗಡೆ ಮಾಡಿತ್ತು.

ಈ ಭಟ್ಟಿಯ ಮೇಲೆ ನನಗೆ ಪ್ರೀತಿ ಬಂದಿದ್ದು ಅದರ ಹೊಲದಿಂದ. ಸುತ್ತಲಿನ ಹೊಲದಲ್ಲಿ ಬಾರ್ಲಿ ಬೆಳೆದು, ನೆನೆಸಿ, ನೆಲದ ಮೇಲೆ ಹರವಿ, ಮೊಳಕೆ ಒಡೆಯುವಾಗ ಬಿಸಿ ಏರದಂತೆ ಸಲಿಕೆಯಲ್ಲಿ ತಿರುವಿ, ಕೊನೆಗೆ ಪೀಟ್ ಎಂಬ ಜೌಗುಮಣ್ಣಿನ ಹೊಗೆಯಲ್ಲಿ ಒಣಗಿಸುತ್ತಾರೆ. ನಮ್ಮ ಮನೆಗಳಲ್ಲಿ ಮಗುವಿಗೆ ರಾಗಿ ಸರಿ ಮಾಡಲು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿಯುವುದೂ ಇದೇ ಕೆಲಸ. ಮೊಳಕೆ ಒಡೆದಾಗ ಕಾಳಿನ ಪಿಷ್ಟ ಸಕ್ಕರೆಯಾಗಲು ಸಿದ್ಧವಾಗುತ್ತದೆ. ತಾವೇ ಹೊಗೆ ಹಾಕಿದ ಬಾರ್ಲಿಯಲ್ಲಿ ಹೊಗೆಯ ಅಂಶ, ಅಂದರೆ ಫೀನಾಲ್, ಹತ್ತು ಲಕ್ಷಕ್ಕೆ 20ರಷ್ಟು. ಪೋರ್ಟ್ ಎಲೆನ್ ಊರಿನ ಮಾಲ್ಟ್ ಕಾರ್ಖಾನೆಯಿಂದ ತರಿಸುವ ಬಾರ್ಲಿಯಲ್ಲಿ 50ರಷ್ಟು. ಇದು ಕಾಳಿನ ಲೆಕ್ಕ. ಬೇಯಿಸಿ ಬಟ್ಟಿ ಇಳಿಸುವಾಗ ಅದರಲ್ಲಿ ಗಣನೀಯ ಪಾಲು ಹಿಂದೆ ಉಳಿಯುತ್ತದೆ, ಆದ್ದರಿಂದ ಈ ಸಂಖ್ಯೆ ನೋಡಿ ಯಾರೂ ಹೆದರಬೇಕಾಗಿಲ್ಲ.

ಈಗ ನಾಲ್ಕು ಬಾಟಲಿಗಳ ಪರಿಚಯ. ಮಾಕಿರ್ ಬೇ: ಭಟ್ಟಿಯ ಹತ್ತಿರದ ಕಡಲತೀರದ ಹೆಸರು, ಬಹುಪಾಲು ಅಮೆರಿಕದ ಬೂರ್ಬನ್ ವಿಸ್ಕಿ ತುಂಬಿದ್ದ ಪೀಪಾಯಿಯದು, ಸ್ವಲ್ಪ ಒಲೊರೋಸೊ ಶೆರಿ ಎಂಬ ಸ್ಪೇನಿನ ವೈನ್ ಪೀಪಾಯಿಯದು. ಸಾನಿಗ್: ಇಲ್ಲಿ ಶೆರಿಯ ಕೈ ಮೇಲು. ಲಾಕ್ ಗಾರ್ಮ್: ಪೂರ್ತಿ ಶೆರಿ ಪೀಪಾಯಿ, ವರ್ಷಕ್ಕೊಮ್ಮೆ ಬರುತ್ತದೆ. ಈ ಮೂರರ ತೀವ್ರತೆ, ಅಂದರೆ ಮದ್ಯಸಾರದ ಪಾಲು, 46 ಶೇಕಡಾ. ನಾಲ್ಕನೆಯದು 'ನೂರಕ್ಕೆ ನೂರು ಐಲಾ'. ಬಾರ್ಲಿ ಬೆಳೆಯುವುದರಿಂದ ಬಾಟಲಿ ತುಂಬುವವರೆಗೆ ಎಲ್ಲವೂ ಅಲ್ಲೇ ಆಗಿರುವುದು, ತೀವ್ರತೆ 50. ಯಾವುದಕ್ಕೂ ಬಣ್ಣ ಬೆರೆಸಿಲ್ಲ. ಸ್ಕಾಚಿಗೆ ಸುಟ್ಟ ಸಕ್ಕರೆಯ ಬಣ್ಣ ಸೇರಿಸಲು ಕಾನೂನು ಬಿಡುತ್ತದೆ, ಬಹಳ ಮಂದಿ ಸೇರಿಸುತ್ತಾರೆ. ಕಾರ್ಬೈಡ್ ಕಂಡವನಿಗೆ ಬಣ್ಣ ಬೆರೆಸದವರ ಮೇಲೆ ಗೌರವ ಹುಟ್ಟುವುದು ಸಹಜ.

ಕೂರುವ ದಿನದ ಮಾತಿಗೆ ಬರೋಣ. ಕೋಲಾರದ ಬೇಸಿಗೆಯಲ್ಲಿ ಬೇಡ. ಮೂವತ್ತಾರು ಡಿಗ್ರಿ ಸೆಕೆಯಲ್ಲಿ ಲೋಟದಿಂದ ಮದ್ಯಸಾರವೇ ಮುಂದೆ ನುಗ್ಗಿ ಮೂಗನ್ನು ಸುಡುತ್ತದೆ. ಡಿಸೆಂಬರ್, ಜನವರಿಯ ಸಂಜೆಗಳು ಇದಕ್ಕೆ ಹೇಳಿ ಮಾಡಿಸಿದವು. ಊಟಕ್ಕೆ ಮುಂಚೆ, ಸಂಜೆ ಆರೂವರೆಗೆ ಕೂರಿ. ಮಧ್ಯಾಹ್ನ ಉಪ್ಪುಸಾರು, ಬೆಳ್ಳುಳ್ಳಿ ಖಾರ ಇರದಿರಲಿ. ಕೋಣೆಯಲ್ಲಿ ಊದುಬತ್ತಿ, ಸೊಳ್ಳೆಬತ್ತಿ ಬೇಡ. ಹೂವಿದ್ದರೆ ಕನಕಾಂಬರವಾಗಲಿ, ಅದಕ್ಕೆ ಪರಿಮಳವಿಲ್ಲ. ಮಲ್ಲಿಗೆ ಇರುವ ಕೋಣೆಯಲ್ಲಿ ಮಾಕಿರ್ ಬೇಯ ನಿಂಬೆಯ ವಾಸನೆ ನನಗೆ ಒಮ್ಮೆಯೂ ಸಿಕ್ಕಿಲ್ಲ. ನಂಜಿಕೊಳ್ಳಲು ಖಾರದ್ದೇನೂ ಇರಬಾರದು. ನಡುನಡುವೆ ಬಾಯಿ ಶುಚಿಮಾಡಲು ಒಗ್ಗರಣೆ ಹಾಕದ ಬರೀ ಪುರಿ ಸಾಕು.

ಲೋಟ ಬುಡದಲ್ಲಿ ಹೊಟ್ಟೆ, ಬಾಯಲ್ಲಿ ಕಿರಿದು ಇರಬೇಕು. ಗ್ಲೆನ್‌ಕೇರ್ನ್ ಎಂಬ ಲೋಟ ಸಿಕ್ಕರೆ ಸರಿ, ಇಲ್ಲದಿದ್ದರೆ ಸಣ್ಣ ವೈನ್ ಲೋಟ. ಪ್ರತಿಯೊಂದರಿಂದ 15 ಮಿಲಿ ಮಾತ್ರ ಹಾಕಿ. ನಾಲ್ಕೂ ಸೇರಿ 60 ಮಿಲಿ, ಅಂದರೆ ಒಂದು ದೊಡ್ಡ ಪೆಗ್. ಅದಕ್ಕಿಂತ ಮೇಲೆ ಹೋದರೆ ನಾಲ್ಕನೆಯ ಲೋಟಕ್ಕೆ ಸಿಗುವ ಅಂಕ ನಾಲಿಗೆ ಕೊಟ್ಟದ್ದಾಗಿರುವುದಿಲ್ಲ. ಆ ರಾತ್ರಿ ಬೈಕಿನ ಕೀಲಿ ಹೆಂಡತಿಯ ಹತ್ತಿರ.

ನೀರಿನ ವಿಷಯದಲ್ಲಿ ನಾನು ಒಂದು ಇಡೀ ಚಳಿಗಾಲ ಹಾಳುಮಾಡಿಕೊಂಡೆ. ನಮ್ಮ ಕಡೆಯ ಕೊಳವೆಬಾವಿಯ ನೀರು ಗಡಸು, ಫ್ಲೋರೈಡ್ ಬೇರೆ. ಬೇಳೆಯೇ ಬೇಯದ ನೀರನ್ನು ಅಭ್ಯಾಸಬಲದಿಂದ ವಿಸ್ಕಿಗೂ ಹಾಕಿದೆ. ನಾಲ್ಕೂ ಲೋಟದಲ್ಲಿ ಸೀಮೆಸುಣ್ಣದಂಥ ಒಂದೇ ಕೊನೆರುಚಿ ಬಂತು, ಅದನ್ನು ಭಟ್ಟಿಯ ಗುಣವೆಂದೇ ಪುಸ್ತಕದಲ್ಲಿ ಬರೆದುಕೊಂಡೆ. ಮುಂದಿನ ವರ್ಷ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಹಾಕಿದ ದಿನ ಆ ಸುಣ್ಣ ಮಾಯವಾಯಿತು. ಆ ಪುಟಗಳನ್ನು ಪೂರ್ತಿ ಹೊಡೆದುಹಾಕಿ ಮತ್ತೆ ಬರೆದೆ. ನೀವು ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಾದರೆ ಇದೊಂದನ್ನು ಮರೆಯಬೇಡಿ.

ನೀರು ಎಷ್ಟು ಹಾಕಬೇಕೆಂಬುದು ಅಂದಾಜಿನ ಮಾತಲ್ಲ, ಲೆಕ್ಕ. ಔಷಧಿ ಅಂಗಡಿಯಿಂದ 5 ಮಿಲಿಯ ಸಿರಿಂಜ್ ತನ್ನಿ, ಸೂಜಿ ತೆಗೆದಿಡಿ. ಮೊದಲು ನಾಲ್ಕನ್ನೂ ಒಂದೇ ತೀವ್ರತೆಗೆ ತರಬೇಕು. 50 ಶೇಕಡಾ ಇರುವ 'ನೂರಕ್ಕೆ ನೂರು ಐಲಾ' 15 ಮಿಲಿಗೆ 1.3 ಮಿಲಿ ನೀರು ಹಾಕಿದರೆ ಅದೂ 46ಕ್ಕೆ ಇಳಿಯುತ್ತದೆ. ಹೀಗೆ ಮಾಡದೆ ಹೋಲಿಸಿದರೆ ಖಾರ ಹೆಚ್ಚಿದ್ದದ್ದೇ ಗೆಲ್ಲುತ್ತದೆ ಅಥವಾ ಅದೇ ಸೋಲುತ್ತದೆ. ಎರಡನೆಯ ಸುತ್ತಿಗೆ ಉಳಿದ ಮೂರು ಲೋಟಗಳಿಗೆ 2.25 ಮಿಲಿಯಂತೆ, ಇದಕ್ಕೆ ಇನ್ನೂ 2.5 ಮಿಲಿ ಹಾಕಿದರೆ ಎಲ್ಲವೂ 40ಕ್ಕೆ ಬರುತ್ತವೆ. ಆದ್ದರಿಂದ ಮೊದಲ ಸುತ್ತಿನಲ್ಲಿ ತುಟಿ ಒದ್ದೆಯಾಗುವಷ್ಟು ಮಾತ್ರ ಹೀರಿ. ಹೊಗೆಯ ವಿಸ್ಕಿಗೆ ನೀರು ಹಾಕಿದರೆ ಕೆಡುತ್ತದೆ ಎಂದು ವಾದಿಸುವವರಿದ್ದಾರೆ. ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಣುವಿನ ಮೇಲೆ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು: ಮದ್ಯಸಾರ 45 ಶೇಕಡಾಕ್ಕಿಂತ ಕಡಿಮೆ ಇದ್ದಾಗ ಗ್ವಾಯಕಾಲ್ ದ್ರವದ ಮೇಲ್ಭಾಗಕ್ಕೆ ಬಂದು ನಿಲ್ಲುತ್ತದೆ, 59 ದಾಟಿದರೆ ಒಳಗೆ ಅಡಗುತ್ತದೆ. ನನ್ನ ಮೂಗಿನ ಸಾಕ್ಷಿಯೂ ಅದೇ. ನೀರು ಬಿದ್ದ ಒಂದು ನಿಮಿಷಕ್ಕೆ ಲಾಕ್ ಗಾರ್ಮ್ ತನ್ನ ಹೊಗೆಯನ್ನು ಬಿಚ್ಚುತ್ತದೆ.

ಸರದಿ ಹೀಗಿರಲಿ: ನೂರಕ್ಕೆ ನೂರು ಐಲಾ, ಮಾಕಿರ್ ಬೇ, ಸಾನಿಗ್, ಲಾಕ್ ಗಾರ್ಮ್. ಹೊಗೆ ಕಡಿಮೆ ಇರುವುದು ಮೊದಲು, ಶೆರಿ ಹೆಚ್ಚಿರುವುದು ಕೊನೆಗೆ.

ಮೂಸುವುದಕ್ಕೆ ಅವಸರ ಬೇಡ. ವಿಸ್ಕಿ ಸುರಿದು ಹತ್ತು ನಿಮಿಷ ಬಿಡಿ. ಮೂಗನ್ನು ಲೋಟದೊಳಗೆ ತುರುಕಬೇಡಿ, ಗಲ್ಲದ ಹತ್ತಿರ ಹಿಡಿದು ಬಾಯಿ ಸ್ವಲ್ಪ ತೆರೆದು ಉಸಿರೆಳೆಯಿರಿ. ಬಾಯಿ ತೆರೆದಿದ್ದರೆ ಮದ್ಯಸಾರ ಮೂಗಿಗೆ ಅಷ್ಟಾಗಿ ಹೊಡೆಯುವುದಿಲ್ಲ. ಮಾಕಿರ್ ಬೇಯಲ್ಲಿ ಮೊದಲು ಸಿಗುವುದು ಹೊಗೆ, ಅದನ್ನು ಬರೆದು ಅಲ್ಲಿಗೇ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಲೋಟ ಕೆಳಗಿಟ್ಟು ಅಂಗಿಯ ತೋಳನ್ನು ಎರಡು ಸಲ ಮೂಸಿ, ಮತ್ತೆ ಲೋಟ ಎತ್ತಿ. ಮೂರನೆಯ ಸಲಕ್ಕೆ ಮೂಗು ಹೊಗೆಗೆ ಒಗ್ಗಿ ಅದರ ಹಿಂದೆ ನಿಂತದ್ದು ಕಾಣುತ್ತದೆ: ಉಗುರಿನಿಂದ ಕೆರೆದ ನಿಂಬೆ ಸಿಪ್ಪೆ, ಹಸಿ ಪೇರಳೆ, ಬೆಲ್ಲದ ಪಾಕ ಎಳೆ ಬರುವ ಹೊತ್ತಿನ ಸಿಹಿ, ಒಣಕೊಬ್ಬರಿ. ಕೊಬ್ಬರಿಯನ್ನೂ ವೆನಿಲಾವನ್ನೂ ಕೊಡುವುದು ಅಮೆರಿಕದ ಓಕ್ ಮರ. ಹಣ್ಣಿನ ವಾಸನೆ ಬರುವುದು ಹುದುಗಿನಿಂದ. ಈ ಭಟ್ಟಿಯವರು 80 ಗಂಟೆಗಳಿಗೂ ಹೆಚ್ಚು ಕಾಲ ಹುದುಗಿಸುತ್ತಾರೆ. ಆಗ ಹುಟ್ಟುವ ಎಸ್ಟರುಗಳೆಂಬ ಪರಿಮಳದ ಅಂಶಗಳು ಮಾಗುವ ಮಾವಿನಲ್ಲಿಯೂ ಇರುವ ಗುಂಪಿನವೇ. ಅದನ್ನು ಓದಿದ ದಿನ ನನ್ನ ಮಂಡಿಯ ಕೋಣೆಗೂ ಆ ದ್ವೀಪಕ್ಕೂ ಒಂದು ಬಾಗಿಲು ತೆರೆದಂತಾಯಿತು.

ವಾಸನೆಗೆ ಹೆಸರಿಡುವುದೇ ಇದರಲ್ಲಿ ಕಷ್ಟದ ಕೆಲಸ. ವಿದೇಶದ ಟಿಪ್ಪಣಿಗಳಲ್ಲಿ ಕಡಲಕಳೆ, ಸಿಂಪಿ, ಬಯಲಿನಲ್ಲಿ ಹಾಕಿದ ಬೆಂಕಿಯ ಬೂದಿ ಎಂದೆಲ್ಲ ಇರುತ್ತದೆ. ನಮ್ಮದು ಕಡಲಿಲ್ಲದ ಜಿಲ್ಲೆ. ನೋಡದ ಸಿಂಪಿಯ ವಾಸನೆ ಬಂತೆಂದು ಬರೆದರೆ ಅದು ಸುಳ್ಳು. ನಿಮ್ಮ ಮನೆಯ ವಾಸನೆಗಳ ಪಟ್ಟಿ ಮಾಡಿಕೊಳ್ಳಿ. ಅವರು ಕಡಲ ಉಪ್ಪು ಎನ್ನುವ ಕಡೆ ನಾನು ಉಪ್ಪುನೀರಿನಲ್ಲಿ ಮಾವಿನಮಿಡಿ ಹಾಕಿಟ್ಟ ಭರಣಿಯ ಮುಚ್ಚಳ ತೆಗೆದಾಗಿನ ವಾಸನೆ ಎಂದು ಬರೆಯುತ್ತೇನೆ, ಅದು ನೂರಕ್ಕೆ ನೂರು ಅದೇ. ಶೆರಿ ಪೀಪಾಯಿಯ ಲಾಕ್ ಗಾರ್ಮ್‌ನಲ್ಲಿ ಬಾಣಂತಿಗೆ ಮಾಡುವ ಅಂಟಿನುಂಡೆ: ಖರ್ಜೂರ, ಒಣದ್ರಾಕ್ಷಿ, ತುಪ್ಪದಲ್ಲಿ ಅರಳಿದ ಅಂಟು, ಕೊನೆಯಲ್ಲಿ ಲವಂಗ. ಸಾನಿಗ್‌ನಲ್ಲಿ ಹಳೆ ಹುಣಸೆಹಣ್ಣಿನ ಹುಳಿಸಿಹಿ. ನೂರಕ್ಕೆ ನೂರು ಐಲಾದಲ್ಲಿ ಆಗ ತಾನೇ ಹುರಿದ ಮೊಳಕೆ ರಾಗಿಯ ಹಿಟ್ಟು, ಅದರ ಮೇಲೆ ಹಸಿ ಹುಲ್ಲು.

ಪೀಟ್ ಹೊಗೆಗೆ ಸರಿಯಾದ ಕನ್ನಡದ ವಾಸನೆ ಯಾವುದೆಂದು ಬಹಳ ದಿನ ಹುಡುಕಿದೆ. ಸೌದೆಯ ಹೊಗೆ ಅಲ್ಲ, ಸಾಂಬ್ರಾಣಿಯೂ ಅಲ್ಲ. ಒಂದು ಬೆಳಿಗ್ಗೆ ಪಕ್ಕದ ಮನೆಯ ನೀರೊಲೆಯಲ್ಲಿ ಅರ್ಧ ಒಣಗಿದ ಬೆರಣಿ ಹೊಗೆಯಾಡುತ್ತಿತ್ತು, ಅಲ್ಲಿ ಸಿಕ್ಕಿತು. ಯೋಚಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಪೀಟ್ ಎಂದರೆ ಜೌಗಿನಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತ ಪಾಚಿ, ಹುಲ್ಲು, ಬೇರು. ಬೆರಣಿ ಎಂದರೆ ಹಸುವಿನ ಹೊಟ್ಟೆಯಲ್ಲಿ ಅರೆಬರೆ ಜೀರ್ಣವಾದ ಹುಲ್ಲು. ಎರಡೂ ಉರಿಯುವುದಕ್ಕಿಂತ ಹೆಚ್ಚಾಗಿ ಹೊಗೆಯುತ್ತವೆ. ಬೆರಣಿಯ ಹೊಗೆಗೆ ಆಸ್ಪತ್ರೆಯ ಕಾರಿಡಾರಿನ ಡೆಟಾಲ್ ವಾಸನೆಯನ್ನು ಸೇರಿಸಿದರೆ ಐಲಾ ಹತ್ತಿರವಾಗುತ್ತದೆ. ಡೆಟಾಲೂ ಫೀನಾಲ್ ಕುಟುಂಬದ್ದೇ.

ಬಾಯಿಗೆ ಬಂದಾಗ ಒಂದು ಚಮಚದಷ್ಟನ್ನು ನಾಲಿಗೆಯ ಮೇಲೆ ಹತ್ತು ಎಣಿಸುವವರೆಗೆ ಇಟ್ಟುಕೊಳ್ಳಿ, ನುಂಗಿ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಗಡಿಯಾರ ನೋಡಿ, ರುಚಿ ಎಷ್ಟು ಹೊತ್ತು ನಿಂತಿತು ಎಂಬುದನ್ನು ಸೆಕೆಂಡಿನಲ್ಲಿ ಬರೆಯಿರಿ.

ವಯಸ್ಸಿನ ಮಾತು ಇಲ್ಲಿಯೇ ಬರಬೇಕು. ಹೊಸ ಭಟ್ಟಿಯ ವಿಸ್ಕಿ ಎಳೆಯದು, ಹನ್ನೆರಡು ವರ್ಷ ಆಗದ್ದಕ್ಕೆ ಬೆಲೆ ಏಕೆ ಎಂದು ಕೇಳುವವರಿದ್ದಾರೆ. ಎಳೆತನದಲ್ಲಿ ಎರಡು ಬಗೆ. ಹಸಿ ಹಿಟ್ಟು, ಲೋಹ, ಮೂಗು ಚುಚ್ಚುವ ಸ್ಪಿರಿಟ್: ಇದು ಕಾಯಿ, ಬೇಗ ಕಿತ್ತದ್ದು. ನಿಂಬೆ, ಪೇರಳೆ, ಚುರುಕಾದ ಹೊಗೆ: ಇದು ತೋತಾಪುರಿ, ಉಪ್ಪು ಖಾರ ಹಾಕಿ ತಿನ್ನುವ ಹೊತ್ತಿಗೆ ಸರಿಯಾಗಿ ಬಲಿತದ್ದು. ಹೊಗೆಯ ಗುಣ ಪೀಪಾಯಿಯಲ್ಲಿ ವರ್ಷ ಕಳೆದಂತೆ ಮೆತ್ತಗಾಗುತ್ತದೆ, ಆದ್ದರಿಂದ ಹೊಗೆಯನ್ನು ಪ್ರೀತಿಸುವವನಿಗೆ ಎಳೆಯ ವಿಸ್ಕಿಯೇ ಬೇಕು. ಮೊದಲ ಬಗೆಗೆ ಅಂಕ ಕಳೆಯಿರಿ, ಎರಡನೆಯದಕ್ಕೆ ಕಳೆಯಬೇಡಿ.

ಅಂಕ ಹಾಕುವುದಕ್ಕೆ ಮುನ್ನ ಲೋಟಗಳನ್ನು ಮರೆಮಾಡಲೇಬೇಕು. ಮೊದಲ ಚಳಿಗಾಲದಲ್ಲಿ ನಾನು ಲಾಕ್ ಗಾರ್ಮ್‌ಗೆ ಇಪ್ಪತ್ತಕ್ಕೆ 18 ಕೊಟ್ಟಿದ್ದೆ. ಎರಡನೆಯ ವರ್ಷ ಹೆಂಡತಿ ಬೇರೆ ಕೋಣೆಯಲ್ಲಿ ಸುರಿದು, ಲೋಟಕ್ಕೆ ಬಟ್ಟೆ ಸುತ್ತಿ, ಬುಡಕ್ಕೆ ಚೀಟಿ ಅಂಟಿಸಿ ತಂದಿಟ್ಟಳು. ಮೂರು ಸಂಜೆ ಹಾಗೆ ನೋಡಿದೆ. ಅದಕ್ಕೆ ಬಂದ ಅಂಕ 14, 15, 15. ಹಿಂದಿನ ವರ್ಷದ ಮೂರು ಅಂಕ ಅದರ ಕಡುಬಣ್ಣ ನನ್ನಿಂದ ಕಿತ್ತುಕೊಂಡದ್ದು. ಕೆಂಪು ಕೆನ್ನೆಯ ಸೇಂದೂರ ನೋಡಿ ಬೆಲೆ ಏರಿಸುವ ಹೊಸ ವ್ಯಾಪಾರಿಗಳಿಗೆ ಬುದ್ಧಿ ಹೇಳುವ ನಾನೇ ಹಾಗೆ ಮಾಡಿದ್ದೆ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಅಂಕಕ್ಕೆ ಮೊದಲು ರಾಶಿ ಮಾಡಿ. ಮಂಡಿಯಲ್ಲಿ ಹಣ್ಣು ಮೂರು ರಾಶಿಯಾಗುತ್ತದೆ: ದೂರದ ಊರಿಗೆ ಹೋಗುವುದು, ಇಲ್ಲೇ ಮಾರುವುದು, ತಿರುಳು ಕಾರ್ಖಾನೆಗೆ ಹಾಕುವುದು. ವಿಸ್ಕಿಯಲ್ಲಿಯೂ ಹಾಗೇ: ನನ್ನ ದುಡ್ಡಿನಲ್ಲಿ ಮತ್ತೆ ಕೊಳ್ಳುವುದು, ಯಾರಾದರೂ ಕೊಟ್ಟರೆ ಸಂತೋಷದಿಂದ ಕುಡಿಯುವುದು, ಬೇಡವೆನ್ನುವುದು. ರಾಶಿಯೊಳಗೆ ಯಾವುದು ಮುಂದು ಯಾವುದು ಹಿಂದು ಎಂದು ಸಾಲು ಹಚ್ಚಿ, ಸಂಖ್ಯೆ ಆಮೇಲೆ. ನೂರಕ್ಕೆ 87 ಅಥವಾ 88 ಎಂದು ಬರೆಯುವವರನ್ನು ನಾನು ನಂಬುವುದಿಲ್ಲ, ಮನುಷ್ಯನ ಮೂಗಿಗೆ ಅಷ್ಟು ಸಣ್ಣ ಗೆರೆಗಳಿಲ್ಲ. ಇಪ್ಪತ್ತು ಸಾಕು: ಪರಿಮಳಕ್ಕೆ 6, ಬಾಯಿಗೆ 6, ಕೊನೆರುಚಿಗೆ 4, ನೀರು ಬಿದ್ದಾಗ ನಿಂತಿತೇ ಕುಸಿಯಿತೇ ಎಂಬುದಕ್ಕೆ 4. ಬೇರೆಬೇರೆ ವಾರಗಳ ಮೂರು ಸಂಜೆ ನೋಡಿ ನಡುವಿನ ಅಂಕವನ್ನು ಇಟ್ಟುಕೊಳ್ಳಿ. ಹೊಸದಾಗಿ ತೆರೆದ ಬಾಟಲಿ ಮೊದಲ ವಾರ ಬಿಗುವಾಗಿರುತ್ತದೆ. ಅರ್ಧಕ್ಕಿಂತ ಕೆಳಗಿಳಿದ ಮೇಲೆ ಗಾಳಿಗೆ ಸೊರಗುತ್ತದೆ, ಅಷ್ಟರೊಳಗೆ ಮೂರೂ ಸಂಜೆ ಮುಗಿದಿರಲಿ.

ನನ್ನ ಪುಸ್ತಕದ ಅಂಕಗಳು: ನೂರಕ್ಕೆ ನೂರು ಐಲಾ 17, ಮಾಕಿರ್ ಬೇ 16, ಲಾಕ್ ಗಾರ್ಮ್ 15, ಸಾನಿಗ್ 13. ಮೊದಲ ಎರಡು ಮತ್ತೆ ಕೊಳ್ಳುವ ರಾಶಿಗೆ. ಸಾನಿಗ್‌ನಲ್ಲಿ ಶೆರಿ ಮತ್ತು ಹೊಗೆ ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಂತೆ ನನಗೆ ಕಂಡಿತು, ನೀರು ಹಾಕಿದ ಮೇಲೂ ಸೇರಲಿಲ್ಲ. ನನ್ನ ಜೊತೆ ಕೂರುವ ರೇಷ್ಮೆ ಗೂಡಿನ ವ್ಯಾಪಾರಿ ಗೆಳೆಯ ಅದಕ್ಕೇ 17 ಕೊಟ್ಟಿದ್ದಾನೆ. ಅವನ ಪುಟವನ್ನೂ ನನ್ನ ಪುಟದ ಎದುರಿಗೇ ಅಂಟಿಸಿದ್ದೇನೆ.

ಇನ್ನೊಂದು ಕೆಲಸ ಮರುದಿನಕ್ಕೆ ಉಳಿದಿದೆ. ರಾತ್ರಿ ಲೋಟಗಳನ್ನು ತೊಳೆಯಬೇಡಿ, ಬುಡದ ಚೀಟಿ ಸಮೇತ ಹಾಗೇ ಬಿಡಿ. ಬೆಳಿಗ್ಗೆ ಕಾಫಿಗೆ ಮುಂಚೆ ಒಣಗಿದ ಲೋಟವನ್ನು ಮೂಸಿ. ಮದ್ಯಸಾರ ಪೂರ್ತಿ ಹಾರಿಹೋಗಿ ಬಾರ್ಲಿ, ಮರ, ಹೊಗೆ ಮಾತ್ರ ಉಳಿದಿರುತ್ತವೆ. ನನಗೆ ಮಾಕಿರ್ ಬೇ ಲೋಟದಲ್ಲಿ ನೀರು ಚಿಮುಕಿಸಿದ ಒಲೆಯ ಬೂದಿ ಸಿಗುತ್ತದೆ. ನೂರಕ್ಕೆ ನೂರು ಐಲಾ ಲೋಟದಲ್ಲಿ ಖಾಲಿ ಮಾಡಿದ ಗೋಣಿಚೀಲದೊಳಗೆ ತಲೆ ಹಾಕಿದಂತೆ ಧಾನ್ಯದ ಧೂಳು. ಅದನ್ನೂ ಬರೆದುಕೊಂಡು, ಆಮೇಲೆ ಲೋಟಗಳನ್ನು ಸೋಪಿಲ್ಲದೆ ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ.